ಎಲ್ಲರೂ ಕೈ ಎತ್ತಿದರು

ಟಣ್ ಎಂದಿತು. ದೊಡ್ಡ ಸದ್ದೇನಲ್ಲ. ಸ್ಟೀಲಿನ ಲೋಟದೊಳಕ್ಕೆ ಯಾರೋ ಗಟ್ಟಿಯಾದದ್ದೇನನ್ನೋ ಮೆಲ್ಲಗೆ ಇಳಿಬಿಟ್ಟ ಹಾಗೆ, ಅದು ನೀರಿನಲ್ಲಿ ಮುಳುಗಿ ತಳ ಮುಟ್ಟಿದ ಹಾಗೆ. ಅಡುಗೆಮನೆಯ ನೆಲದ ಮೇಲೆ ಹಾಸಿಕೊಂಡಿದ್ದ ಅವಳಿಗೆ ನಿದ್ದೆಯೇ ಬಂದಿರಲಿಲ್ಲ, ಆದ್ದರಿಂದ ಎಚ್ಚರವಾಯಿತು ಎನ್ನುವಂತಿಲ್ಲ; ಆದರೂ ಮೈ ಒಮ್ಮೆ ಬೆಚ್ಚಿತು. ಗೋಡೆಯಾಚೆ ಅವಳ ಮಂಚದ ಮೇಲೆ ಅಪ್ಪ ಅಮ್ಮ ಮಲಗಿದ್ದರು. ಅಮ್ಮ ಏನೋ ಕೇಳಿದರು. ಅಪ್ಪ ಕೊಟ್ಟ ಉತ್ತರ ಅಪ್ಪನ ದನಿಯಲ್ಲಿರಲಿಲ್ಲ. ತುಟಿ ಒಳಕ್ಕೆ ಸರಿದು, ಮಾತೆಲ್ಲ ಒಸಡಿನ ಮೇಲೆ ಜಾರುತ್ತ, ಯಾರೋ ತೀರ ಮುದುಕರು ಆಡಿದಂತಿತ್ತು. ಹಲ್ಲು! ಅಪ್ಪ ಹಲ್ಲು ಕಟ್ಟಿಸಿಕೊಂಡಿದ್ದಾರೆ. ವಾರ ವಾರ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡುತ್ತಿದ್ದವರು, ಬಚ್ಚಲಿನ ಹೊಸ ನಲ್ಲಿಯ ಬಗ್ಗೆ ಹೇಳಿದವರು, ಪಕ್ಕದ ಮನೆಯ ನಾಯಿ ಸತ್ತದ್ದನ್ನು ಹೇಳಿದವರು, ಇದೊಂದನ್ನು ಹೇಳಿರಲಿಲ್ಲ. ಇಲ್ಲಿಗೆ ಬಂದ ದಿನದಿಂದ ಅಪ್ಪ ತನ್ನ ಮುಂದೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದದ್ದು ಈಗ ಅರ್ಥವಾಗಿ ಅವಳಿಗೆ ಕೋಪವೂ ಬಂತು, ಅಳುವೂ ಬಂತು. ಕೋಪಿಸಿಕೊಳ್ಳಲು ತನಗೆ ಯಾವ ಹಕ್ಕು? ತಾನು ಫೋನಿನಲ್ಲಿ ಹೇಳದೆ ಬಿಟ್ಟದ್ದು ಬಾಯೊಳಗಿನ ಹಲ್ಲಿನಷ್ಟು ಚಿಕ್ಕದೇನಲ್ಲ. ನಾಳೆ ಭಾನುವಾರ.

ಊರಿನ ಕ್ರೈಸ್ತ ಸಭೆ ಅವಳನ್ನು ಸುವಾರ್ತೆ ಸಾರುವ ಸೇವೆಗೆಂದು ಈ ಪರದೇಶಕ್ಕೆ ಕಳಿಸಿದ ದಿನ, ಹಿರಿಯರೆಲ್ಲ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ, ಆ ಕೈಗಳ ಭಾರಕ್ಕೆ ಕತ್ತು ನೋಯುತ್ತಿತ್ತು. ಅವುಗಳಲ್ಲಿ ಅಪ್ಪನ ಕೈ ಯಾವುದೆಂದು ಕಣ್ಣು ಮುಚ್ಚಿಕೊಂಡೇ ಅವಳಿಗೆ ಗೊತ್ತಾಗಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ಹೋಗದ ಗ್ರೀಸಿನ ವಾಸನೆ. ಅಪ್ಪ ಬಸ್ ಡಿಪೋದಲ್ಲಿ ಬಸ್ಸು ಹೊರಡುವ ಮುಂಚೆ ಬ್ರೇಕು ನೋಡಿ ಸಹಿ ಹಾಕುವವರಾಗಿದ್ದರು. ತಾವೇ ಕೆಳಗೆ ತೂರಿ ನೋಡದೆ ಒಂದು ಸಲವೂ ಸಹಿ ಹಾಕಿದವರಲ್ಲ. ಡ್ರೈವರುಗಳು ಬೈದುಕೊಳ್ಳುತ್ತಿದ್ದರು, ಪ್ರಯಾಣಿಕರು ಕೂಗಾಡುತ್ತಿದ್ದರು, ಅಪ್ಪ ಮಾತ್ರ ಬಸ್ಸಿನಡಿಯಿಂದ ಹೊರಗೆ ಚಾಚಿದ ಎರಡು ಕಾಲುಗಳಾಗಿ ಮಲಗಿಯೇ ಇರುತ್ತಿದ್ದರು. "ಸಭೆ ಹೇಗೆ ನಡೀತಿದೆ ಮಗೂ?" ಎಂದು ಫೋನಿನಲ್ಲಿ ಮೊದಲ ಸಲ ಕೇಳಿದಾಗ ಅವಳು "ಚೆನ್ನಾಗಿ ನಡೀತಿದೆ ಅಪ್ಪ" ಎಂದಿದ್ದಳು. "ಜನ ಬರ್ತಾರಾ?" "ಬರ್ತಾರೆ." ಸುಳ್ಳಲ್ಲ. ಕಿವಿ ಕೇಳದ ಒಬ್ಬಳು ಅಜ್ಜಿ ಬರುತ್ತಿದ್ದಳು. ಸಭೆಯ ಕೋಣೆಯ ಕೆಳಗಿನ ಸೈಕಲ್ ಅಂಗಡಿಯವನ ಹೆಂಡತಿ ಗಂಡನ ಜೊತೆ ಜಗಳವಾಡಿದ ವಾರಗಳಲ್ಲಿ ಬರುತ್ತಿದ್ದಳು. ಇನ್ನೊಬ್ಬ ಮುದುಕ, ಅವಳು ಮನಸ್ಸಿನಲ್ಲೇ ಹೀಟರ್ ತಾತ ಎಂದು ಕರೆಯುತ್ತಿದ್ದವನು, ಚಳಿ ಬಿಟ್ಟ ಕೂಡಲೇ ಬರುವುದನ್ನೂ ಬಿಟ್ಟುಬಿಡುತ್ತಿದ್ದ. ಅವಳ ಬಾಯಲ್ಲಿ 'ಬರ್ತಾರೆ' ಆಗಿದ್ದದ್ದು ಅಪ್ಪನ ಬಾಯಲ್ಲಿ 'ಜನ ಸೇರ್ತಿದಾರೆ' ಆಗಿ, ಪಾದ್ರಿಗಳ ಬಾಯಲ್ಲಿ 'ಕರ್ತನು ಅಲ್ಲಿ ದೊಡ್ಡ ಬಾಗಿಲು ತೆರೆದಿದ್ದಾನೆ' ಆಗಿ ಬೆಳೆಯಿತು. ಅವಳು ತಡೆಯಲಿಲ್ಲ. ಪ್ರತಿ ವಾರ ತಡೆಯಬೇಕೆಂದುಕೊಂಡೇ ಫೋನು ಎತ್ತಿಕೊಳ್ಳುತ್ತಿದ್ದಳು. ಈಗ ಹಿರಿಯರಲ್ಲಿ ಒಬ್ಬರಿಗೆ, ಸಭೆಯಲ್ಲಿ ಎಲ್ಲರೂ ಹಿರೇಣ್ಣ ಎಂದು ಕರೆಯುವವರಿಗೆ, ಅನುಮಾನ ಬಂದಿತ್ತು. ಇಷ್ಟು ವರ್ಷವಾಯಿತು, ಯಾರಾದರೂ ಕರ್ತನನ್ನು ಒಪ್ಪಿಕೊಂಡರೇ ಇಲ್ಲವೇ, ಇಲ್ಲದಿದ್ದರೆ ಹುಡುಗಿಯನ್ನು ವಾಪಸ್ ಕರೆಸಿಕೊಳ್ಳೋಣ, ಅವಳ ತಂದೆಯೇ ಹೋಗಿ ಕಣ್ಣಾರೆ ನೋಡಿ ಹೇಳಲಿ, ಅವರು ಹೇಳಿದರೆ ನಮಗೆ ಸಾಕು ಎಂದಿದ್ದರಂತೆ. ಇದನ್ನು ಅವಳಿಗೆ ತಿಳಿಸಿದವರು ಅಮ್ಮ, ವಿಮಾನ ನಿಲ್ದಾಣದಿಂದ ಬರುವ ಬಸ್ಸಿನಲ್ಲಿ, ನಗುನಗುತ್ತ. "ನಿಮ್ಮಪ್ಪ ನಿನ್ನ ನೋಡೋಕೆ ಬಂದಿಲ್ಲ ಕಣೇ, ಇನ್‌ಸ್ಪೆಕ್ಷನ್ನಿಗೆ ಬಂದಿದಾರೆ." ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಅವಳೂ ನಕ್ಕಿದ್ದಳು.

ಆ ನಗು ಮುಗಿಯುವ ಮುಂಚೆಯೇ ತಾನು ಮಾಡಲಿರುವುದು ಅವಳಿಗೆ ಗೊತ್ತಾಗಿಬಿಟ್ಟಿತ್ತು ಎಂದು ಈಗ ಅನ್ನಿಸುತ್ತದೆ. ಮರುದಿನ ಬ್ರೆಡ್ಡಿನಂಗಡಿಯ ಅಕ್ಕನ ಹತ್ತಿರ ಹೋಗಿ ನಿಂತಳು. ಇಲ್ಲಿಯ ಭಾಷೆಯಲ್ಲಿ ಅವಳಿಗೆ ಇನ್ನೂ ನಯವಾಗಿ ಬೇಡಲು ಬರುವುದಿಲ್ಲ. ಬೇಡಿದರೆ ಅಪ್ಪಣೆ ಮಾಡಿದ ಹಾಗೆ ಕೇಳಿಸುತ್ತದೆ. "ಭಾನುವಾರ ಬನ್ನಿ. ಅಪ್ಪ ಅಮ್ಮ ಬಂದಿದ್ದಾರೆ. ಸುಮ್ಮನೆ ಕೂತುಕೊಳ್ಳಿ" ಎಂದಳು. ಅಕ್ಕ ಹಿಟ್ಟಿನ ಕೈ ಸೊಂಟಕ್ಕೆ ಕೊಟ್ಟು, "ಕೂತ್ಕೊಂಡ್ರೆ ಸಾಕಾ? ಹಾಡಬೇಕಾ?" ಎಂದಳು. "ಕೂತ್ಕೊಂಡ್ರೆ ಸಾಕು." "ನನ್ನ ಗಂಡ ಗೊರಕೆ ಹೊಡೀತಾನೆ. ಪರವಾಗಿಲ್ವಾ?" ಅಲ್ಲೇ ನಿಂತಿದ್ದ ಕ್ಷೌರದವನು ಕಿಸಕ್ಕನೆ ನಕ್ಕು, "ಅಪ್ಪ ಬಂದಿದ್ದಾರೆ ಅಂದ್ರೆ ಕ್ಲಾಸು ತುಂಬಿರಬೇಕು ಅಲ್ವಾ ಟೀಚರಮ್ಮ?" ಎಂದ. ಅವಳು ಟೀಚರಲ್ಲ, ಆದರೆ ಆ ಬೀದಿ ಅವಳನ್ನು ಏನೋ ಒಂದು ಕರೆಯಬೇಕಿತ್ತು. ಅವಳ ಮುಖ ಕೆಂಪಾದದ್ದನ್ನು ಕಂಡು ಅವನು ತಕ್ಷಣ ನಗು ನಿಲ್ಲಿಸಿ, "ಬರ್ತೀವಿ. ನಾನೇ ಕರ್ಕೊಂಡು ಬರ್ತೀನಿ ಎಲ್ಲರನ್ನೂ" ಎಂದಿದ್ದ. ಕರುಣೆಯಿಂದ ಅಂದನೋ ಏನೋ. ಕರುಣೆಯನ್ನು ಕೊಡಲು ಬಂದವಳು ಅದನ್ನು ಕೇಳಿ ಪಡೆದುಕೊಂಡು ಮನೆಗೆ ಬಂದಿದ್ದಳು.

ಬೆಳಿಗ್ಗೆ ಅಪ್ಪ ಕೋಟು ಹಾಕಿಕೊಂಡು, ಹಲ್ಲೂ ಹಾಕಿಕೊಂಡು, ಅವಳಿಗಿಂತ ಮುಂಚೆ ಇಳಿದು ಹೋಗಿಯಾಗಿತ್ತು. ಸಭೆ ನಡೆಯುವ ಕೋಣೆ ಸೈಕಲ್ ಅಂಗಡಿಯ ಮಹಡಿ ಮೇಲೆ. ಕೂತ ಕುರ್ಚಿಗೂ ರಬ್ಬರು ಅಂಟಿನ ವಾಸನೆ. ಅವಳೂ ಅಮ್ಮನೂ ಅಲ್ಲಿಗೆ ಬರುವಷ್ಟರಲ್ಲಿ ಅಪ್ಪ ಅಂಗಡಿಯ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಅಂಗಡಿಯವನು ತಿರುಗಿಸಿ ತೋರಿಸುತ್ತಿದ್ದ ಚಕ್ರವನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಬ್ಬರ ಭಾಷೆಯ ಒಂದು ಮಾತೂ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅಪ್ಪ ಬೆರಳಿನಿಂದ ಒಂದು ಕಡ್ಡಿ ಮುಟ್ಟಿದರು, ಅಂಗಡಿಯವನು ತಲೆಯಾಡಿಸಿ ಅದನ್ನೇ ಬಿಗಿ ಮಾಡಿದ. "ನೋಡು, ನೋಡು, ಗಂಡಸರಿಗೆ ಎಲ್ಲಿ ಹೋದ್ರೂ ನೆಂಟರು ಸಿಕ್ತಾರೆ" ಎಂದರು ಅಮ್ಮ. ವಾರ್ಡಿನಲ್ಲಿ ನರ್ಸಾಗಿದ್ದ ಅಮ್ಮನಿಗೆ ಮೆಟ್ಟಿಲು ಹತ್ತುವಾಗಲೂ ಮಾತು ನಿಲ್ಲುವುದಿಲ್ಲ, ಉಸಿರು ಮಾತ್ರ ನಿಲ್ಲುತ್ತದೆ. ಮೇಲೆ ಬಾಗಿಲು ತೆರೆದದ್ದೇ ಅಮ್ಮ ಬಾಗಿಲಲ್ಲೇ ನಿಂತರು. ಕುರ್ಚಿಗಳೆಲ್ಲ ತುಂಬಿದ್ದವು. ಕ್ಷೌರದವನು ಮಾತು ಉಳಿಸಿಕೊಂಡಿದ್ದ. ಗೋಡೆಗುಂಟ ನಿಂತವರೂ ಇದ್ದರು. ಮದುವೆಮನೆಗೆ ಬಂದವರಂತೆ ಒಳ್ಳೆಯ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು, ಅವಳ ಕಡೆ ನೋಡಿ ಕಣ್ಣಲ್ಲೇ 'ಹೇಗಿದೆ?' ಎನ್ನುತ್ತಿದ್ದರು. ಹೀಟರ್ ತಾತ ಮಾತ್ರ, ತನ್ನ ಜಾಗದಲ್ಲಿ ಬೇರೆ ಯಾರೋ ಕೂತದ್ದಕ್ಕೆ ಮುಖ ಗಂಟು ಹಾಕಿಕೊಂಡಿದ್ದ. ಹಿಂದೆ ಅಪ್ಪ ಮೆಟ್ಟಿಲು ಹತ್ತಿ ಬಂದರು. ಒಮ್ಮೆ ಆ ಕಡೆಯಿಂದ ಈ ಕಡೆಗೆ ನೋಡಿದರು. ಕರವಸ್ತ್ರ ತೆಗೆದು ಗ್ರೀಸಾದ ಬೆರಳುಗಳನ್ನು ಒಂದೊಂದಾಗಿ, ತೀರ ನಿಧಾನವಾಗಿ ಒರೆಸಿಕೊಳ್ಳತೊಡಗಿದರು. ಅವರ ಗಲ್ಲ ನಡುಗುತ್ತಿದ್ದದ್ದನ್ನು ಅವಳು ನೋಡಬಾರದಿತ್ತು, ನೋಡಿದಳು.

ಹಾಡು ಆಯಿತು, ಅವಳೊಬ್ಬಳೇ ಹಾಡಿದ ಹಾಗಾಯಿತು. ಉಳಿದವರು ಬಾಯಿ ಆಡಿಸಿದರು. ಬ್ರೆಡ್ಡಿನಕ್ಕ ಎಲ್ಲಿ ನಿಲ್ಲಬೇಕು ಎಲ್ಲಿ ಕೂರಬೇಕು ಗೊತ್ತಾಗದೆ, ಕಿವುಡಜ್ಜಿಯನ್ನು ನೋಡಿಕೊಂಡು ಅವಳಂತೆಯೇ ಮಾಡುತ್ತಿದ್ದಳು. ಅಜ್ಜಿಯೋ ಹಾಡು ಮುಗಿದದ್ದು ಕೇಳಿಸದೆ ನಿಂತೇ ಇದ್ದಳು, ಅವಳ ಜೊತೆ ಅರ್ಧ ಸಭೆ ನಿಂತೇ ಇತ್ತು. ಆಮೇಲೆ ಅಪ್ಪ ಎರಡು ಮಾತು ಆಡಬೇಕು, ಅವಳು ಪಕ್ಕದಲ್ಲಿ ನಿಂತು ಇಲ್ಲಿಯ ಭಾಷೆಗೆ ಹೇಳಬೇಕು. ಅಪ್ಪ ಒಂದು ವಾಕ್ಯ ಆಡಿ ನಿಲ್ಲಿಸುತ್ತಿದ್ದರು, ಅವಳು ಹೇಳುವವರೆಗೆ ಅವಳ ಬಾಯನ್ನೇ ನೋಡುತ್ತಿದ್ದರು, ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸುವಾಗ ನೋಡುತ್ತಿದ್ದಂತೆ. ತಾವು ಮಾತುಗಾರರಲ್ಲ ಎಂದರು. ಮಗಳು ಹುಟ್ಟಿದಾಗ ತೂಕವಿರಲಿಲ್ಲ, ಅಂಗೈಯಲ್ಲಿ ಹಿಡಿಯುವಷ್ಟಿದ್ದಳು, ಉಳಿಸಿಕೊಟ್ಟರೆ ನಿನ್ನ ಕೆಲಸಕ್ಕೇ ಕೊಡುತ್ತೇನೆ ಎಂದು ದೇವರಿಗೆ ಹೇಳಿದ್ದೆ ಎಂದರು. ಅವಳು ಅದನ್ನು ಹೇಳಿದಳು. ಎಷ್ಟೋ ಸಲ ಕೇಳಿದ್ದ ಮಾತು, ಆದರೆ ಬೇರೆ ಭಾಷೆಯಲ್ಲಿ ತನ್ನ ಬಾಯಿಂದಲೇ ಬಂದಾಗ ಯಾರದೋ ಬಡಪಾಯಿ ಮಗುವಿನ ಸುದ್ದಿಯಂತೆ ಕೇಳಿಸಿತು. ಬ್ರೆಡ್ಡಿನಕ್ಕ ಮೂಗು ಸೀಟಿದಳು. ಇನ್ನು ಮುಗಿಯಿತು, ಇನ್ನೊಂದು ಪ್ರಾರ್ಥನೆ, ಆಮೇಲೆ ಚಹಾ ಎಂದು ಅವಳು ಉಸಿರು ಬಿಡುತ್ತಿರುವಾಗ ಅಪ್ಪ ಒಂದು ಹೆಜ್ಜೆ ಮುಂದಕ್ಕೆ ಬಂದರು. ಕೈ ಕಟ್ಟಿಕೊಂಡರು. ಆ ನಿಲುವನ್ನು ಅವಳು ಬಲ್ಲಳು. ಅಪ್ಪ ಕರೆ ಕೊಡಲಿದ್ದರು.

"ಎಲ್ಲರೂ ಕಣ್ಣು ಮುಚ್ಚಿ, ತಲೆ ತಗ್ಗಿಸಿ" ಎಂದರು ಅಪ್ಪ. "ಯಾರೂ ಯಾರನ್ನೂ ನೋಡಬೇಡಿ. ನನ್ನ ಮಗಳ ಮಾತಿನಿಂದ ಯಾರು ಕರ್ತನನ್ನು ಒಪ್ಪಿಕೊಂಡಿದ್ದೀರೋ, ಅವರು ಕೂತಲ್ಲೇ ಕೈ ಎತ್ತಿ." ಊರಿನಲ್ಲಿ ಇದನ್ನು ಕೇಳಿದಾಗ ಕೋಣೆಯಲ್ಲಿ ಉಸಿರಾಟ ಬಿಟ್ಟು ಬೇರೆ ಸದ್ದಿರುವುದಿಲ್ಲ. ಎತ್ತಿದ ಕೈಯನ್ನು ಮುಂದೆ ನಿಂತವರು ಮಾತ್ರ ನೋಡುತ್ತಾರೆ. ಎತ್ತಿದವನು ಜೀವಮಾನದಲ್ಲಿ ಒಂದೇ ಸಲ ಎತ್ತಿರುತ್ತಾನೆ, ಸಾಮಾನ್ಯವಾಗಿ ಅಳುತ್ತ. ಅಪ್ಪ ಅವಳ ಕಡೆ ತಿರುಗಿದರು. ಹೇಳು ಎನ್ನುವಂತೆ ಹುಬ್ಬೆತ್ತಿದರು. ಆ ಪ್ರಶ್ನೆಯನ್ನು ಈ ಬೀದಿಯಲ್ಲಿ ಅವಳು ಒಬ್ಬರನ್ನು ಮಾತ್ರ ಕೇಳಿದ್ದಳು. ಕ್ಷೌರದವನ ತಾಯಿ ಹಾಸಿಗೆ ಹಿಡಿದಿದ್ದಳು. ಚಳಿಗಾಲವಿಡೀ ಅವಳು ಹೋಗಿ ಬೆನ್ನು ಒರೆಸಿ, ಹುಣ್ಣಿಗೆ ಔಷಧಿ ಹಚ್ಚಿ, ಕೂದಲು ಬಿಡಿಸಿ ಜಡೆ ಹಾಕಿ ಬರುತ್ತಿದ್ದಳು. ಬೆನ್ನು ಒರೆಸುವಾಗ ಆ ಮುದುಕಿ ಬೆಕ್ಕಿನ ಹಾಗೆ ಕಣ್ಣು ಕಿರಿದು ಮಾಡಿ, ಗಂಟಲಲ್ಲೇ ಏನೋ ಗುನುಗುತ್ತಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿ ಹೋದ ಸಂಜೆ, ಈಗ ಕೇಳದಿದ್ದರೆ ಇನ್ನು ಯಾವಾಗ ಎಂದು ಧೈರ್ಯ ಮಾಡಿ, ಕೈ ಹಿಡಿದುಕೊಂಡು ಕೇಳಿದ್ದಳು. ಮುದುಕಿ ಬಹಳ ಹೊತ್ತು ಅವಳ ಮುಖ ನೋಡಿದಳು. ಆಮೇಲೆ, "ಇಷ್ಟು ದಿನ ಇದಕ್ಕೇ ಬರ್ತಿದ್ಯಾ?" ಎಂದಳು. ಅಷ್ಟೇ. ಬೈಯಲಿಲ್ಲ. ಹಿಡಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು. ಮರುದಿನವೂ ಅವಳು ಹೋಗಿ ಬೆನ್ನು ಒರೆಸಿದಳು, ಮುದುಕಿ ಬೇಡ ಎನ್ನಲಿಲ್ಲ; ಗುನುಗುವುದು ಮಾತ್ರ ನಿಂತುಹೋಗಿತ್ತು. ಆ ಮೇಲೆ ಅವಳಿಗೆ ಆ ಪ್ರಶ್ನೆ ಯಾರ ಮುಂದೆಯೂ ಗಂಟಲಿನಿಂದ ಮೇಲೆ ಬರಲಿಲ್ಲ. ನಂಬಿಕೆ ಹೋಯಿತೇ ಎಂದು ರಾತ್ರಿಗಳಲ್ಲಿ ತನ್ನನ್ನೇ ತಡಕಿ ನೋಡಿಕೊಳ್ಳುತ್ತಿದ್ದಳು, ಕತ್ತಲೆಯಲ್ಲಿ ಕನ್ನಡಕ ಹುಡುಕುವವರಂತೆ. ಇದೆ ಅನ್ನಿಸುತ್ತಿತ್ತು. ಕೇಳುವ ಬಾಯಿ ಮಾತ್ರ ಇರಲಿಲ್ಲ.

ಈಗ ಅಷ್ಟೂ ಜನ ಆ ಮುದುಕಿಯ ಮುಖ ಮಾಡಿಕೊಂಡು ತನ್ನ ಕಡೆ ತಿರುಗುತ್ತಾರೆ ಎನ್ನಿಸಿತು. ಎರಡನೆಯ ಸಾಲಿನಲ್ಲಿ ಕ್ಷೌರದವನು, ಆ ಮುದುಕಿಯ ಮಗ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಅವಳು ಬಾಯಿ ತೆರೆದಳು. "ನನ್ನ ಮಗಳು ಯಾರ ಯಾರ ಮನೆಗೆ ಬಂದಿದ್ದಾಳೋ, ಅವರು ಕೈ ಎತ್ತಿ ಅಂತ ಅಪ್ಪ ಕೇಳ್ತಿದ್ದಾರೆ" ಎಂದಳು. ಕಣ್ಣು ಮುಚ್ಚಿ ಎಂದು ಹೇಳಲು ಮರೆತಳೋ, ಬೇಕೆಂದೇ ಬಿಟ್ಟಳೋ, ಆಮೇಲೆ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಮೊದಲು ಸೈಕಲ್ ಅಂಗಡಿಯವನ ಹೆಂಡತಿ ಎತ್ತಿದಳು. ಆಮೇಲೆ ಬ್ರೆಡ್ಡಿನಕ್ಕ ಎತ್ತಿ, ನಿದ್ದೆ ತೂಗುತ್ತಿದ್ದ ಗಂಡನ ಕೈಯನ್ನೂ ತಾನೇ ಹಿಡಿದೆತ್ತಿದಳು. ಆಮೇಲೆ ಒಟ್ಟಿಗೇ, ಶಾಲೆಯಲ್ಲಿ ಉತ್ತರ ಗೊತ್ತಿರುವ ಮಕ್ಕಳಂತೆ, ಎಲ್ಲರೂ. ನಗುತ್ತ, ಒಬ್ಬರನ್ನೊಬ್ಬರು ನೋಡುತ್ತ, ಓಹೋ ನಿಮ್ಮನೆಗೂ ಬಂದಿದ್ದಳಾ ಎನ್ನುವಂತೆ. ಕಿವುಡಜ್ಜಿ ಪಕ್ಕದವರನ್ನು ನೋಡಿ ಎರಡೂ ಕೈ ಎತ್ತಿದಳು. ಇಷ್ಟು ಮನೆಗಳಿಗೆ ತಾನು ಹೋಗಿದ್ದೆನೇ ಎಂದು ಅವಳಿಗೇ ಬೆರಗಾಯಿತು. ಯಾವ ಮನೆಯ ಯಾವ ಕಿಟಕಿ ಮುಚ್ಚಲು ಬರುವುದಿಲ್ಲ, ಯಾರ ಮನೆಯ ಚಹಾಕ್ಕೆ ಸಕ್ಕರೆ ಹೆಚ್ಚು, ಎಲ್ಲ ನೆನಪಾಯಿತು. ಇದನ್ನು ಲೆಕ್ಕಕ್ಕೆ ಹಿಡಿಯುವವರು ಯಾರೂ ಇಲ್ಲ. ಅಪ್ಪ ಎತ್ತಿದ ಕೈಗಳನ್ನು ನೋಡಿದರು. ತೆರೆದಿದ್ದ ಕಣ್ಣುಗಳನ್ನೂ ನೋಡಿದರು. ಏನೋ ಹೇಳಲು ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

"ಇಷ್ಟು ಖುಷಿಯಾಗಿ ಪಾಪ ಒಪ್ಕೊಳ್ಳೋರನ್ನ ನಾನಂತೂ ನೋಡಿಲ್ಲಪ್ಪ" ಎಂದರು ಅಮ್ಮ ಮಧ್ಯಾಹ್ನ ಪಾತ್ರೆ ತೊಳೆಯುತ್ತ. "ನಮ್ಮೂರಲ್ಲಿ ಮೂಗಲ್ಲಿ ಕಣ್ಣಲ್ಲಿ ನೀರು ಸುರಿಸ್ಕೊಂಡು ಎತ್ತುತಾರೆ. ಇಲ್ಲಿಯವರೇ ವಾಸಿ." ಅಮ್ಮನ ಮಾತಿನಲ್ಲಿ ಕೊಂಕಿತ್ತೇ ಎಂದು ಅವಳು ಬೆನ್ನು ನೋಡಿ ಹುಡುಕಿದಳು. ಅಮ್ಮ ಬಾಣಲೆ ಉಜ್ಜುತ್ತಿದ್ದರು, ಅಷ್ಟೆ. ಅಪ್ಪ ಕಿಟಕಿಯ ಹತ್ತಿರ ಕೂತು, "ಇಲ್ಲಿಯವರು ಪ್ರಾರ್ಥನೆಗೆ ಕಣ್ಣು ಮುಚ್ಚೋದಿಲ್ವಾ?" ಎಂದರು. "ಅಷ್ಟಾಗಿ ಅಭ್ಯಾಸ ಇಲ್ಲ ಅಪ್ಪ." "ಹೂಂ" ಎಂದರು. ಮಧ್ಯಾಹ್ನವೆಲ್ಲ ಆ ಹೂಂ ಕೋಣೆಯಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಅಪ್ಪನಿಗೆ ಕಾಲಾಡಿಸಬೇಕೆನ್ನಿಸಿ ಅವಳ ಜೊತೆ ಬೀದಿಗಿಳಿದರು. ಮೂಲೆ ತಿರುಗಿದ ಕೂಡಲೇ ಬ್ರೆಡ್ಡಿನಂಗಡಿಯ ಗಾಜಿನಾಚೆಯಿಂದ ಅಕ್ಕ ಅಪ್ಪನನ್ನು ಕಂಡು ಮುಖ ಅರಳಿಸಿ, ಬಲಗೈಯನ್ನು ನೇರ ಮೇಲಕ್ಕೆತ್ತಿದಳು. ಸೈಕಲ್ ಅಂಗಡಿಯವನು ಪಾನಾ ಹಿಡಿದ ಕೈಯನ್ನೇ ಎತ್ತಿದ. ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದ ಯಾರೋ ಹೆಂಗಸು ಎತ್ತಿದಳು, ನಕ್ಕಳು. ಬೀದಿಗೆ ಬೀದಿಯೇ ಇದನ್ನು ಅಪ್ಪನಿಗೆ ಮಾಡಬೇಕಾದ ನಮಸ್ಕಾರವೆಂದು ತೀರ್ಮಾನಿಸಿಬಿಟ್ಟಿತ್ತು. ಪ್ರೀತಿಯಿಂದಲೇ. ಜೀವಮಾನದಲ್ಲಿ ಒಂದೇ ಸಲ, ಕಣ್ಣೀರಿನಲ್ಲಿ ಎತ್ತುವ ಕೈಯನ್ನು ಅವರು ಬ್ರೆಡ್ಡು ಕಟ್ಟಿಕೊಡುತ್ತ, ಮೂಗು ಒರೆಸಿಕೊಳ್ಳುತ್ತ ಎತ್ತುತ್ತಿದ್ದರು. ಅಪ್ಪನ ನಡಿಗೆ ನಿಧಾನವಾಯಿತು. ಏನೂ ಕೇಳಲಿಲ್ಲ. ಕೇಳಿದ್ದರೆ ಅವಳು ಇನ್ನೊಂದು ಸುಳ್ಳನ್ನು ಸಿದ್ಧವಾಗಿ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಕ್ಷೌರದವನು ಅಂಗಡಿಯಿಂದ ಹೊರಗೇ ಬಂದುಬಿಟ್ಟ. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕತ್ತರಿ. ಎರಡನ್ನೂ ಮೇಲಕ್ಕೆತ್ತಿ ಅಪ್ಪನ ಎದುರು ನಿಂತು, "ನಿಮ್ಮಪ್ಪನಿಗೆ ಹೇಳು ಟೀಚರಮ್ಮ" ಎಂದ. "ನನ್ನ ತಾಯಿ ಮಲಗಿದ್ದಾಗ ನೀನು ನಮ್ಮನೆಗೆ ಎಷ್ಟು ಸಲ ಬಂದೆ ಅನ್ನೋದಕ್ಕೆ ಒಂದು ಕೈ ಸಾಕಾಗಲ್ಲ ಅಂತ ಹೇಳು. ನಿನ್ನೆ ನಾನೂ ಎರಡು ಎತ್ತಬೇಕಿತ್ತು, ಆ ಅಜ್ಜಿ ಹಾಗೆ."

ಅಪ್ಪ ಅವಳ ಬಾಯನ್ನು ನೋಡಿದರು. ಬೇರೇನಾದರೂ ಹೇಳಬಹುದಿತ್ತು, ಹವಾ ಚೆನ್ನಾಗಿದೆ ಎನ್ನುತ್ತಿದ್ದಾನೆ ಎಂದರೂ ನಡೆಯುತ್ತಿತ್ತು. ಆದರೆ ಆ ಮುದುಕಿಯ ಹೆಸರೆತ್ತಿ ಆಡಿದ ಮಾತನ್ನು ತಿರುಚಲು ನಾಲಿಗೆ ಹೊರಳಲಿಲ್ಲ. "ಅಪ್ಪ, ಇವರ ತಾಯಿ ಹಾಸಿಗೆ ಹಿಡಿದಿದ್ದಾಗ ನಾನು ತುಂಬ ಸಲ ಮನೆಗೆ ಬಂದಿದ್ದೆನಂತೆ. ಅಷ್ಟು ಸಲ ಬಂದದ್ದಕ್ಕೆ ಒಂದು ಕೈ ಸಾಲದಂತೆ, ನೀವು ಕೇಳಿದಾಗ ನಿನ್ನೆ ಎರಡೂ ಎತ್ತಬೇಕಿತ್ತಂತೆ" ಎಂದಳು. ಒಂದೊಂದು ಶಬ್ದವೂ ಇದ್ದ ಹಾಗೆಯೇ. ಹೇಳಿ ಮುಗಿದ ಮೇಲೆ ಅಪ್ಪನ ಮುಖ ನೋಡಲಾರದೆ ಕ್ಷೌರದವನ ಬಾಚಣಿಗೆಯ ಹಲ್ಲುಗಳಲ್ಲಿ ಸಿಕ್ಕಿದ್ದ ಯಾರದೋ ಬಿಳಿ ಕೂದಲನ್ನು ನೋಡುತ್ತ ನಿಂತಳು. ಬಸ್ಸಿನಡಿಗೆ ತೂರಿದ ಎರಡು ಕಾಲುಗಳು ಅಲ್ಲಾಡದೆ ಬಿದ್ದಿರುತ್ತಿದ್ದ ಹೊತ್ತಿನಷ್ಟೇ ಹೊತ್ತಾಯಿತು ಎನ್ನಿಸಿತು. "ತಾಯಿ ಉಳಿದರಾ?" ಎಂದರು ಅಪ್ಪ. "ಇಲ್ಲ ಅಪ್ಪ." ಅಪ್ಪ ತಲೆಯಾಡಿಸಿದರು. ಆಮೇಲೆ ಕೋಟಿನ ಜೇಬಿನಿಂದ ಬಲಗೈ ಹೊರಗೆ ತೆಗೆದು, ಅದರ ತೂಕ ತಮಗೇ ಗೊತ್ತಿಲ್ಲದವರಂತೆ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆತ್ತಿ, ಕ್ಷೌರದವನ ಎದುರು ಹಿಡಿದರು. ಅವನು ಹೋ ಎಂದು ನಕ್ಕ. ಅಪ್ಪ ನಗಲಿಲ್ಲ. ಮನೆಯ ಮೆಟ್ಟಿಲ ಮೇಲೆ ಒಮ್ಮೆ ಅವಳ ಹೆಗಲು ಹಿಡಿದುಕೊಂಡರು, ಉಸಿರಿಗಾಗಿ ಇರಬಹುದು.

ಸಂಜೆ ಹಿರೇಣ್ಣನ ಫೋನು ಬಂತು. ಅಪ್ಪ ಅದನ್ನು ಹಿಡಿದುಕೊಂಡು ಮೆಟ್ಟಿಲ ಕಡೆಗೆ ಹೋಗಿ ಬಾಗಿಲು ಎಳೆದುಕೊಂಡರು. ಆ ಬಾಗಿಲು ಪೂರ್ತಿ ಕೂರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ಒಳಗೆ ಸೀರೆ ಮಡಚುತ್ತ ಏನೋ ಹಾಡಿಕೊಳ್ಳುತ್ತಿದ್ದರು. ಅವಳು ಒದ್ದೆ ಬಟ್ಟೆ ಹಿಡಿದುಕೊಂಡು ಬಾಗಿಲ ಪಕ್ಕದ ಗೋಡೆಗೆ ಒರಗಿದಳು. ಅಪ್ಪ ಸುಳ್ಳು ಹೇಳುವವರಲ್ಲ. ಇದ್ದದ್ದನ್ನು ಹೇಳುತ್ತಾರೆ, ಹೇಳಲಿ. ಪೆಟ್ಟಿಗೆ ಕಟ್ಟುವುದು ಕಷ್ಟವೇನಲ್ಲ. ಆದರೆ ಪೆಟ್ಟಿಗೆ ಕಟ್ಟುವುದನ್ನು ನೆನೆದ ಕೂಡಲೇ, ಕಿವುಡಜ್ಜಿಯ ಉಗುರು ಕತ್ತರಿಸುವುದು ಈ ವಾರ ಬಾಕಿಯಿದೆ ಎಂಬುದು ನೆನಪಾಗಿ, ಇಲ್ಲಿಂದ ಹೋಗಲು ತನಗೆ ಮನಸ್ಸಿಲ್ಲ ಎಂಬುದು ಮೊದಲ ಸಲ ಗೊತ್ತಾಯಿತು. "ಹೌದು, ಹೋಗಿದ್ದೆ" ಎನ್ನುತ್ತಿದ್ದರು ಅಪ್ಪ. "ತುಂಬಿತ್ತು. ನಿಲ್ಲೋಕೂ ಜಾಗ ಇರಲಿಲ್ಲ." ಆ ಕಡೆಯ ದನಿ ಜೀರುಂಡೆಯಂತೆ ಗುಂಯ್‌ಗುಟ್ಟಿತು. "ಕೇಳಿದೆ. ನಾನೇ ಕೇಳಿದೆ." ಮತ್ತೆ ಗುಂಯ್. ಕೆಳಗೆ ಯಾರದೋ ಸೈಕಲ್ಲಿನ ಗಂಟೆ ಬಡಿಯಿತು. "ಎಲ್ಲರೂ ಕೈ ಎತ್ತಿದರು" ಎಂದರು ಅಪ್ಪ. "ಹೂಂ, ಎಲ್ಲರೂ. ಇಲ್ಲ, ವಾಪಸ್ ಗೀಪಸ್ ಮಾತು ಬೇಡ. ಇಲ್ಲಿ ಕೆಲಸ ಇದೆ. ನಾನು ನೋಡಿದೀನಿ."

ಅವಳು ಸರಿದು ಒಲೆಯ ಹತ್ತಿರ ಬಂದು, ಒರೆಸಿಯಾಗಿದ್ದ ಕಟ್ಟೆಯನ್ನು ಮತ್ತೆ ಒರೆಸತೊಡಗಿದಳು. ಅಪ್ಪ ಒಳಗೆ ಬಂದರು. ಅವರ ಕಿವಿಗಳು ಕೆಂಪಾಗಿದ್ದವು. "ಯಾರದು ಫೋನು?" ಎಂದು ಅಮ್ಮ ಒಳಗಿನಿಂದ ಕೂಗಿದರು. "ಹಿರೇಣ್ಣಂದು." "ಏನಂತೆ?" "ಏನಿಲ್ಲ. ಚಳಿ ಹೇಗಿದೆ ಅಂತ ಕೇಳಿದರು." "ಅದಕ್ಕೆ ಅಷ್ಟು ಹೊತ್ತು ಮಾತಾಡಿದ್ರಾ?" "ಚಳಿ ಜಾಸ್ತಿ ಇದೆ ಅಂದೆ" ಎಂದರು ಅಪ್ಪ. ಅಭ್ಯಾಸವಿಲ್ಲದವರ ಸುಳ್ಳು, ಹೇಳಿದ ಮೇಲೆ ಎಲ್ಲಿ ಇಡಬೇಕೆಂದು ತಿಳಿಯದೆ ಕೋಣೆಯ ನಡುವೆ ನಿಂತಿದ್ದರು. ಅವಳು ಲೋಟದಲ್ಲಿ ನೀರು ಬಗ್ಗಿಸಿ ಕೊಟ್ಟಳು. ಅಪ್ಪ ಕುಡಿದರು. ಇಬ್ಬರ ಕಣ್ಣೂ ಸೇರಲಿಲ್ಲ. ಬಾಗಿಲು ಕೂರುವುದಿಲ್ಲ ಅಪ್ಪ, ಕೇಳಿಸಿತು ಎಂದು ಹೇಳಿದರೆ ಅವರ ಎದೆ ಹಗುರಾಗುತ್ತದೆಯೇ, ತನ್ನದೇ? ಅಮ್ಮನಿಗೆ ಹೇಳಿದರೆ ನಗುತ್ತಾರೆ, ಆಮೇಲೆ ಊರಿಗೆ ಹೋಗಿ ಒಂದು ದಿನ ಯಾರ ಮುಂದೆಯೋ ನಗುತ್ತಲೇ ಆಡಿಬಿಡುತ್ತಾರೆ. ಭಾನುವಾರ ತಾನು ಮಾಡಿದ್ದು ತನ್ನ ಪಾಲಿನದು, ಅದನ್ನು ಯಾವತ್ತಾದರೂ, ಯಾರ ಮುಂದಾದರೂ ಹೇಳಬೇಕಾಗಿ ಬರಬಹುದು. ಅಪ್ಪ ಮೆಟ್ಟಿಲಲ್ಲಿ ನಿಂತು ಆಡಿದ್ದು ಮಾತ್ರ ಯಾರ ಕಿವಿಗೂ ಬೀಳಬಾರದು. ಅಮ್ಮನಿಗೆ ಬೇಡ. ಊರಿನವರಿಗೆ ಬೇಡವೇ ಬೇಡ. ದೇವರು ಆಗಲೇ ಕೇಳಿಸಿಕೊಂಡಿರುತ್ತಾನೆ, ಅವನಿಗೂ ತಾನಾಗಿ ಹೇಳುವುದು ಬೇಡ. ಅಪ್ಪ ಖಾಲಿ ಲೋಟ ಚಾಚಿದರು. ಅವಳು ಅದನ್ನು ತೆಗೆದುಕೊಂಡು, ತನಗೆ ಕೇಳಿಸಿತೆಂದು ಅಪ್ಪನಿಗಂತೂ ಯಾವತ್ತೂ ಹೇಳಬಾರದು ಎಂದುಕೊಂಡು, "ಇನ್ನೂ ಸ್ವಲ್ಪ ಬೇಕಾ?" ಎಂದಳು.